ನಾಲ್ಕು ಗೆರೆಯಷ್ಟು ಜಾಗ

ಬರೀರಿ ಅಂದಳು ಬರ್ನಡೀನ್.
ಕೌಂಟಿ ಕಚೇರಿಯಲ್ಲಿ ಮಾಜಿ ಸೈನಿಕರ ಅರ್ಜಿ ನೋಡುವವಳು,
ತಾನೂ ಕುವೈತಿನಲ್ಲಿ ಲಾರಿ ಓಡಿಸಿ ಬಂದವಳು.
ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು,
ತಿಂಗಳಿಗೆ ಎಷ್ಟು ಸಲ, ಯಾವತ್ತಿನಿಂದ ಇಲ್ಲ,
ನಾಚಿಕೆ ಬಿಟ್ಟು ಬರೀರಿ, ಮಾರ್ಲಾ.
ಓದುವವರಿಗೆ ನೀವು ಬರೀ ಒಂದು ಕಡತದ ನಂಬರು.

ಹೆಂಡತಿಯ ಹೇಳಿಕೆಗೆ ನಾಲ್ಕು ಗೆರೆಯಷ್ಟು ಜಾಗ.
ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ ಎಂದು
ಕೆಳಗೆ ಇರುವೆಯಂಥ ಅಕ್ಷರ.

ಮಾರ್ಚ್ ತಿಂಗಳು. ಸುಪೀರಿಯರ್ ಸರೋವರದ ಅಂಚು ಇನ್ನೂ ಹೆಪ್ಪು.
ದಿನಸಿ ಪಟ್ಟಿ ಬರೆಯುವ ಪೆನ್ನು ಹಿಡಿದು ಕೂತೆ.
‘ಮೊದಲು’ ಎಂದು ಬರೆದೆ.
ಮೊದಲು ಅಂದರೆ ಏನಂತ ಹೇಳಲಿ ಸರ್ಕಾರಕ್ಕೆ?
ಅದಿರು ಹಡಗಿನ ಕಟ್ಟೆಯ ಹಿಂದೆ ನಿಲ್ಲಿಸಿದ ಪಿಕಪ್,
ಕಿಟಕಿ ಗಾಜಿಗೆ ಕಟ್ಟಿದ ನಮ್ಮ ಉಸಿರು,
ಅದರ ಮೇಲೆ ಮೂಡಿದ ನನ್ನ ಹಿಮ್ಮಡಿ;
ಮಾರನೆಯ ದಿನ ಅವನಪ್ಪ ಕಂಡು
ಇದ್ಯಾರ ಪಾದವಪ್ಪಾ ಎಂದು ಕೇಳಿದ್ದು;
ಸೌನಾದ ಬಿಸಿಕಲ್ಲಿಗೆ ನೀರು ಹುಯ್ದ ಹಾಗೆ
ವೇಡ್ ಭುಸ್ಸೆಂದು ನಕ್ಕದ್ದು?
‘ಮೊದಲು ಎಲ್ಲ ಸರಿಯಿತ್ತು.’
ಒಂದು ಗೆರೆ ಮುಗಿಯಿತು.

ಆಮೇಲಿನದು ಉದ್ದ.
ರಮಾದಿಯ ರಸ್ತೆ, ಹೂತಿಟ್ಟ ಸಿಡಿಮದ್ದು
ಎಲ್ಲ ಅವರ ಕಡತದಲ್ಲೇ ಇದೆ.
ಬೆನ್ನಿಗಿಷ್ಟು, ಕಿವಿಗಿಷ್ಟು, ನಿದ್ದೆಗಿಷ್ಟು ಶೇಕಡಾ ಎಂದು
ಒಂದೇ ಮೈಯನ್ನು ಪಾಲು ಹಾಕಿ ಅಳೆದಿದ್ದಾರೆ.
ಇದೊಂದನ್ನು ಅವನು ಹೇಳಲಿಲ್ಲ, ಅವರು ಕೇಳಲಿಲ್ಲ,
ಹದಿನಾರು ವರ್ಷ.

ನಾನು ಬರೆದದ್ದು:
ರಾತ್ರಿ ಗ್ಯಾರೇಜಿಗೆ ಹೋಗುತ್ತಾನೆ.
ನನಗೆ ನಿದ್ದೆ ಹತ್ತಿತೆಂದು ಖಾತ್ರಿಯಾದ ಮೇಲೆ ಬರುತ್ತಾನೆ.
ನನಗೆ ಹತ್ತಿರುವುದಿಲ್ಲ.
ಮಾತ್ರೆ ಕೊಟ್ಟರು. ಕೆಟ್ಟ ಕನಸಿನ ಮಾತ್ರೆಗೂ ಅದಕ್ಕೂ
ಆಗಿಬರಲಿಲ್ಲ, ತಲೆ ಸುತ್ತಿ ಬಿದ್ದ, ನಿಲ್ಲಿಸಿದರು.
ನನ್ನ ಕೈ ತಗುಲಿದರೆ ಅವನಿಗೆ ಕೋಪ.

ಓದು ಅಂದ.
ಸಿಂಕಿನ ಮುಂದೆ, ಬೆನ್ನು ನನ್ನ ಕಡೆಗೆ,
ತೊಳೆದ ಲೋಟವನ್ನೇ ತೊಳೆಯುತ್ತ.
ಓದಿದೆ, ಕರೆಂಟ್ ಬಿಲ್ಲು ಓದುವ ದನಿಯಲ್ಲಿ.
ನಲ್ಲಿ ನಿಲ್ಲಿಸಿದ.
ಫ್ರಿಜ್ಜು ಒಮ್ಮೆ ಗುಂಯ್ ಎಂದು ಶುರುವಾಗಿ, ನಿಂತಿತು.
ಕೋಪ ಅಂತ ಬರೆದೆಯಲ್ಲ, ಅದನ್ನು ಹೊಡೆದುಹಾಕು.
ಸರಿ. ಏನು ಬರೆಯಲಿ?

ಹೆದರಿಕೆ.

ಐರನ್ ಮೌಂಟನ್ ಆಸ್ಪತ್ರೆಗೆ ಎರಡು ಗಂಟೆ ದಾರಿ.
ತಪಾಸಣೆ ಹನ್ನೊಂದು ನಿಮಿಷ.
ಹುಡುಗ ಡಾಕ್ಟರು, ಪರದೆ ನೋಡಿಕೊಂಡೇ ಕೇಳಿದನಂತೆ:
ಪೂರ್ತಿಯೋ, ಭಾಗಶಃವೋ?
ವೇಡ್ ಇಷ್ಟನ್ನೇ ಹೇಳಿದ, ಕಾರಿನಲ್ಲಿ,
ಬಿಸಿ ಪಾಸ್ಟಿಯ ಕಾಗದ ಬಿಚ್ಚುತ್ತ.
ಏನು ಉತ್ತರ ಕೊಟ್ಟೆ ಅಂತ ನಾನು ಕೇಳಲಿಲ್ಲ.
ಆಲೂಗಡ್ಡೆ ನಾಲಿಗೆ ಸುಟ್ಟಿತು.

ಆಗಸ್ಟಿನಲ್ಲಿ ಪತ್ರ.
ಮಾನ್ಯ ಶ್ರೀ ಕೊಸ್ಕೆಲಾ, ಈ ಊನಕ್ಕೆ ಶೇಕಡಾ ಸೊನ್ನೆ.
ಅದರ ಕೆಳಗೇ, ‘ಸೃಷ್ಟಿಕಾರಕ ಅಂಗದ ಉಪಯೋಗ ನಷ್ಟ’ಕ್ಕೆ
ಕೆ ಎಂಬ ಅಕ್ಷರದ ಲೆಕ್ಕದಲ್ಲಿ
ತಿಂಗಳಿಗೆ ನೂರಮೂವತ್ತು ಚಿಲ್ಲರೆ ಡಾಲರು.
ಸೊನ್ನೆಯಾದರೆ ದುಡ್ಡು ಯಾಕೆ,
ದುಡ್ಡು ಕೊಟ್ಟರೆ ಸೊನ್ನೆ ಯಾಕೆ?
ಕಾನೂನು ಹಾಗಿದೆ, ತಗೊಳ್ಳಿ, ಅಂದಳು ಬರ್ನಡೀನ್.
ವೇಡ್ ಕನ್ನಡಕ ಹಾಕಿ ಇನ್ನೊಮ್ಮೆ ಓದಿದ.
ಸೃಷ್ಟಿಕಾರಕ! ದೇವರ ಹುದ್ದೆ ಇತ್ತಲ್ಲೇ ನನಗೆ,
ಯಾರೂ ಹೇಳಲೇ ಇಲ್ಲ.
ಭುಸ್ಸೆಂದ. ಕಲ್ಲು ಇನ್ನೂ ಪೂರ್ತಿ ಆರಿರಲಿಲ್ಲ.

ಕೆ ದುಡ್ಡು ಈಗ ನೈಕ್ವಿಸ್ಟರ ಹುಡುಗನಿಗೆ ಹೋಗುತ್ತದೆ,
ಬಾಗಿಲ ಹಿಮ ತೋಡುವವನಿಗೆ.
ಕರಡು ಪ್ರತಿ ದಿನಸಿ ಚೀಟಿಗಳ ಡ್ರಾಯರಿನಲ್ಲಿದೆ.
ಕೋಪದ ಮೇಲೆ ಒಂದೇ ಗೆರೆ ಎಳೆದಿದ್ದೆ,
ಈಗಲೂ ಓದಲಿಕ್ಕೆ ಬರುತ್ತದೆ.

ನಿನ್ನೆ ಹತ್ತೂವರೆಗೇ ಗ್ಯಾರೇಜಿನ ದೀಪ ಆರಿತು.
ಮೆಟ್ಟಿಲು. ಬೂಟು. ಬಾಗಿಲಲ್ಲಿ ಸ್ವಲ್ಪ ಹೊತ್ತು.
ನಿದ್ದೆ ಬಂತಾ ಅಂದ.
ಇಲ್ಲ ಅಂದೆ.