ಸರ್ವೆ ನಂಬರ್ ೮೭, ಹಿಸ್ಸಾ ೩

ಒಂದು ತಾಕಿಗೆ ಹತ್ತು ರೂಪಾಯಿ.
ನನ್ನ ಮೊಬೈಲಿಗೆ ಬೇಕಾದದ್ದು ಬೆಳೆಯ ಹೆಸರು, ಎರಡು ಫೋಟೊ,
ಗೆರೆಯ ಒಳಗೇ ನಿಂತಿದ್ದೇನೆಂಬ ಖಾತ್ರಿ.
ಗೆರೆ ನೀಲಿ, ನೇರ.
ಬದು ಅದನ್ನು ಕೇಳಿ ಹುಟ್ಟಿದ್ದಲ್ಲ,
ಹಳ್ಳ ತಿರುಗಿದ ಕಡೆ ತಿರುಗುತ್ತದೆ,
ಬೇವಿನ ಮರ ಬಂದರೆ ಸುತ್ತುಹಾಕಿ ಹೋಗುತ್ತದೆ.

ಬೆಳಿಗ್ಗೆಯಿಂದ ಹದಿನೇಳು ತಾಕು.
ಎಂಬತ್ತೈದರಲ್ಲಿ ತೊಗರಿ, ಪಹಣಿಯ ಪ್ರಕಾರ.
ನೆಲದ ಪ್ರಕಾರ ಫರಸಿ ಕಲ್ಲಿನ ಗಣಿ,
ಇಪ್ಪತ್ತು ಅಡಿ ಕೆಳಗೆ ಹಸಿರು ನೀರು,
ನೀರಿನಲ್ಲಿ ಒಂದು ಎಮ್ಮೆ.
ಆ ತೊಗರಿಗೆ ಮೂರು ವರ್ಷ ಪರಿಹಾರ ಬಂದಿದೆಯಂತೆ.
ಕಲ್ಲು ಎಂದು ಹುಡುಕಿದೆ. ಪಟ್ಟಿಯಲ್ಲಿ ಕಲ್ಲಿಲ್ಲ.
ಬೀಳು ಎಂದು ಒತ್ತಿದೆ.
ಎಮ್ಮೆ ತಲೆಯೆತ್ತಿ ನೋಡಿತು.

ಎಂಬತ್ತೇಳರಲ್ಲಿ ಖಾಜಾಬಿ ಇದ್ದಳು,
ಸೊಂಟದೆತ್ತರದ ತೊಗರಿಯಲ್ಲಿ ಸೊಂಟ ಬಗ್ಗಿಸಿ.
‘ಚಪ್ಲಿ ಅಲ್ಲೇ ಬಿಡು ಬಾಪಾ, ಎರಿ ಒಮ್ಮಿ ಹಿಡೀತಂದ್ರ ಬಿಡಂಗಿಲ್ಲ.’
ರೈತರ ಹೆಸರನ್ನು ನಾನು ಬರೆಯಬೇಕಿಲ್ಲ,
ಅದು ತಾನೇ ಬಂದು ಕೂರುತ್ತದೆ:
ರಾಚೋಟೆಪ್ಪ ತಂದೆ ಗುರುಲಿಂಗಪ್ಪ,
ಎರಡು ಎಕರೆ ಹದಿನಾಲ್ಕು ಗುಂಟೆ.
‘ಅವರು ಎಲ್ಲವರ‍್ರಿ?’
‘ಕಲಬುರಗಿ ಗಂಜಿನ್ಯಾಗ. ಅಡತಿ ಅಂಗಡಿ ಅದ.
ನಾ ಪಾಲಿಗಿ ಮಾಡ್ತೀನಿ, ಹನ್ನೊಂದು ವರ್ಷಾತು.
ಹ್ವಾದ ವರ್ಷ ನೆಟಿ ಹತ್ತಿ ಒಣಗಿತ್ತಲ್ಲ,
ಸರ್ಕಾರದ ರೊಕ್ಕ ಅವರ ಖಾತೆಗಿ ಬಂತು.
ಕೆಟ್ಟ ಮನುಷ್ಯಾ ಅಲ್ಲ ಬಾಪಾ,
ತಾನೇ ಫೋನ್ ಮಾಡಿ ಹೇಳ್ದಾ, ಬಂತು ಖಾಜಾಬಿ, ಅಂತ.’
‘ಆಮ್ಯಾಲ?’
‘ಆಮ್ಯಾಲೇನು, ಹೇಳ್ದಾನಲ್ಲ.’

ಕಾಗಿಣಾ ಕಡೆಯಿಂದ ಗಾಳಿ ಎದ್ದಿತು.
ವಾಡಿಯ ಚಿಮಣಿಯ ಪುಡಿ ಎಲೆಯೆಲೆಯ ಮೇಲೆ.
ಗಿಡ ನಿಲ್ಲಲೊಲ್ಲದು, ಫೋಟೊ ಅಲುಗುತ್ತದೆ.
ಖಾಜಾಬಿ ಬಂದು ಟೊಂಗೆ ಹಿಡಿದಳು,
ಸೆರಗಿನ ತುದಿಯಿಂದ ಎಲೆಗಳ ಮುಖ ಒರೆಸಿದಳು,
ಮದುವೆ ಫೋಟೊಕ್ಕೆ ಮಕ್ಕಳನ್ನು ನಿಲ್ಲಿಸುವವರ ಹಾಗೆ.
‘ಈಗ ತೆಗಿ.’

ಮಿಶ್ರಬೆಳೆ ಉಂಟೇ? ಮೊಬೈಲ್ ಕೇಳಿತು.
ನಡುವೆ ಒಂದು ಸಾಲು ಪುಂಡಿ, ಕೆಂಪು ದಂಟು.
ಬರೆಯಲೇ ಅಂದರೆ ನನ್ನ ಕೈ ಹಿಡಿದಳು.
‘ಅದನ್ ಬರೀಬ್ಯಾಡ.
ಬರದಿದ್ದೆಲ್ಲಾ ಅವರದಾಗ್ತದ.
ಇದೊಂದು ಸಾಲು ನಂದಿರಲಿ.’
ಮಿಶ್ರಬೆಳೆ: ಇಲ್ಲ.
ಸಂಬಳದ ಕೆಲಸದಲ್ಲಿ ನಾನು ಹೇಳಿದ ಮೊದಲ ಸುಳ್ಳು.
ಎರಡನೆಯದು ಇರಬಹುದು, ಆ ರಾಚೋಟೆಪ್ಪನನ್ನೂ ಲೆಕ್ಕಕ್ಕೆ ಹಿಡಿದರೆ.

ರಾತ್ರಿ ಸಂದೇಶ ಬಂತು: ತಿರಸ್ಕೃತ.
ಚಿತ್ರದಲ್ಲಿ ಬೆಳೆಯ ಜೊತೆ ಕೈ ಕಾಣುತ್ತಿದೆ,
ಪುನಃ ತೆಗೆಯಿರಿ.
ಎರಡು ಬೆರಳಿಂದ ಹಿಗ್ಗಿಸಿ ನೋಡಿದೆ.
ಹೌದು, ಕೈ.
ಹೆಬ್ಬೆರಳಿನ ಉಗುರಲ್ಲಿ ಎರೆ,
ಮಣಿಕಟ್ಟಿಗೆ ಹಸಿರು ಬಳೆ ಎರಡು, ಒಂದು ಒಡೆದು
ತಂತಿಯಿಂದ ಕಟ್ಟಿದ್ದು.

ಮರುದಿನ ಮತ್ತೆ ಹೋದೆ, ಪೆಟ್ರೋಲು ನನ್ನದೇ.
ಖಾಜಾಬಿ ನಕ್ಕು ಬೇವಿನ ಮರದ ಹಿಂದೆ ಸರಿದು ನಿಂತಳು.
‘ನಾ ಬರಂಗಿಲ್ಲ ತಗಾ, ತೆಗಿ.’
ಗಾಳಿ ನಿಲ್ಲುವ ತನಕ ಕಾದೆ.
ತೊಗರಿ ಒಂದೇ ಬಂತು, ಸ್ಪಷ್ಟ, ಸ್ವಚ್ಛ. ಅಂಗೀಕೃತ.

ಗಾಡಿ ಹತ್ತುವಾಗ ಒಂದು ಸೂಡು ಪುಂಡಿ
ಹ್ಯಾಂಡಲಿಗೆ ಸಿಕ್ಕಿಸಿದಳು.
ಸಂಜೆ ಅವ್ವ ಎಲೆ ಬಿಡಿಸುತ್ತ ಕೇಳಿದಳು:
‘ಭಾಳ ಛಲೋ ಅದಲ್ಲೋ. ಯಾರ ಹೊಲದ್ದು?’

ಜೇಬಿನಲ್ಲಿ ಮೊಬೈಲ್ ಬೆಚ್ಚಗಿತ್ತು, ಉತ್ತರ ಗೊತ್ತಿದ್ದು.
‘ಖಾಜಾಬೀದು’ ಅಂದೆ.