ಗೇಟು ಬಿದ್ದಾಗ

ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿತ್ತೆಂದರೆ
ದಾವಣಗೆರೆ ಎರಡು ಹೋಳು.
ಎಲ್ಲರೂ ಹಾರನ್ನು ಒತ್ತುತ್ತಾರೆ, ರೈಲಿಗೆ ಕೇಳಿಸಲೆಂದೇನೊ.
ನಾನು ಎಂಜಿನ್ನು ಆರಿಸಿ ಸೀಟಿನಡಿ ಕೈ ಹಾಕುತ್ತೇನೆ:
ಸ್ಪ್ಯಾನರು, ಹಳೇ ಬನೀನು,
ಅದರೊಳಗೆ ಸುತ್ತಿಟ್ಟ ಪುಸ್ತಕ.

ಪ್ಯಾಸೆಂಜರ್ ಗಾಡಿಗೆ ನಾಲ್ಕು ಪುಟ.
ಗೂಡ್ಸಿಗೆ ಎಂಟು.
ಎರಡೂ ಒಂದರ ಬೆನ್ನಿಗೊಂದು ಬಂದ ದಿನ
ನನಗೆ ಹೋಳಿಗೆ ಊಟ.

ಓದಿನ ಹುಚ್ಚು ಹತ್ತಿದ್ದು ಶಾಲೆಯಲ್ಲಲ್ಲ.
ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಚೀಲ ಸಾಗಿಸುವ ಆಟೊ ನನ್ನದು;
ವಾಪಸು ಬರುವಾಗ ಖಾಲಿ ಬೇಡವೆಂದು ರದ್ದಿ ಹೇರುತ್ತಿದ್ದೆ.
ಒಂದು ಸಂಜೆ ಕಟ್ಟಿನ ಸುತಳಿ ಹರಿದು
ಕಾಲ ಬುಡಕ್ಕೆ ಬಿತ್ತು ಅದು:
ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ,
ಒಂಬತ್ತನೇ ಪುಟಕ್ಕೆ ಶುರು.
ಇನ್ನೂರ ಹನ್ನೆರಡರ ಕೊನೇ ಸಾಲು:
"ಅವಳು ಅಗುಳಿ ತೆಗೆದು ನೋಡಿದಾಗ ಬಾಗಿಲ ಹೊರಗೆ"

ಹೊರಗೆ?
ಮಿಕ್ಕ ಹಾಳೆಗಳು ಮಿರ್ಚಿ ಕಟ್ಟಲು ಹೋಗಿವೆ.
ಒಂದು ವಾರ ಅದೇ ಬಂಡಿಯಲ್ಲಿ ಮಿರ್ಚಿ ತಿಂದೆ.
ಬಿಚ್ಚಿ ನೋಡಿದರೆ ಯಾರದೋ ಗಣಿತದ ನೋಟ್ಸು,
ಹರಾಜಿನ ಪ್ರಕಟಣೆ.
ಹೊಟ್ಟೆ ಕೆಟ್ಟಿತು, ಕತೆ ಸಿಗಲಿಲ್ಲ.
ಎಂಟನೇ ದಿನ ಒಂದೇ ಒಂದು ಹಾಳೆ,
ಎಣ್ಣೆ ಕುಡಿದು ಗಾಜಿನಂತಾಗಿ
ಆಚೆ ಪುಟದ ಅಕ್ಷರ ಈಚೆಗೆ ಬಂದು ಕೂತಿದ್ದವು.
ಹೆಡ್‌ಲೈಟಿಗೆ ಹಿಡಿದೆ.
ಮೂರು ಮಾತು ಬಿಡಿಸಿಕೊಂಡು ಬಂದವು:
ಉಪ್ಪು. ಕುಂಟುತ್ತ. ಇನ್ನೂ ಬೆಳಗಾಗಿರಲಿಲ್ಲ.

ಒಬ್ಬನೇ ತಡಕೊಳ್ಳಲಾಗದೆ ಕೊಟ್ಟೆ.
ಭಟ್ಟಿಯ ಖಾಜಾಬಿಗೆ ಓದು ಬಾರದು;
ಮೊಮ್ಮಗ ಜಬೀವುಲ್ಲಾ ತಡವರಿಸಿ ಓದಿದ,
ಆಕೆ ಮಂಡಕ್ಕಿಗೆ ಜರಡಿ ಹಿಡಿಯುತ್ತ ಕೇಳಿದಳು.
"ಇನ್ಯಾರು? ಅವಳ ತಮ್ಮ. ಕುಂಟುತ್ತ ಬಂದಾನೆ,
ಮುನಿಸಿಕೊಂಡು ಹೋಗುವಾಗ ಒಯ್ದ ಉಪ್ಪಿನ ಗಡಿಗೆ
ವಾಪಸ್ ಕೊಡಾಕೆ."
ಮುಚ್ಚಿದ ಮಿಲ್ಲಿನ ವಾಚ್‌ಮನ್ ಕೊಟ್ರಬಸಪ್ಪ ಒಪ್ಪಲಿಲ್ಲ:
"ಹೊರಗೆ ಯಾರೂ ಇರಲ್ಲಪ್ಪಾ, ಬಾಗಿಲು ಬಡಿಯೋದು ಗಾಳಿ.
ನನಗೆ ಗೊತ್ತಿಲ್ವಾ?"
ದವಾಖಾನೆಯ ಆಯಾ ಏನೂ ಹೇಳದೆ
ಹೊಸ ಬೈಂಡು ಹಾಕಿಸಿ ತಂದುಕೊಟ್ಟಳು, ಕೊನೆಗೆ
ಹದಿನಾರು ಬಿಳೀ ಹಾಳೆ ಸೇರಿಸಿ.
ಅವು ಈಗ ಮುಕ್ಕಾಲು ತುಂಬಿವೆ:
ನೀಲಿ ಪೆನ್ನು, ಸೀಸದ ಕಡ್ಡಿ, ಒಂದು ಕಡೆ ಅರಿಶಿನದ ಹೆಬ್ಬೆರಳು.

ಮನೆಯಲ್ಲಿ ನೂರ ನಲವತ್ತು ಪುಸ್ತಕವಾದವು.
ಹಾಲಮ್ಮ ಗೊಣಗುತ್ತಲೇ ಸೀರೆಗಳನ್ನು ಟ್ರಂಕಿಗಿಳಿಸಿ
ಬೀರುವಿನ ಎರಡು ಅರೆ ಬಿಟ್ಟುಕೊಟ್ಟಳು.
ಓದುವವಳಲ್ಲ, ಮೂಸುವವಳು.
"ಇದು ನುಸಿಗುಳಿಗೆ, ಸಾವ್ಕಾರ್ರ ಮನೇದು.
ಇದು ವಿಭೂತಿ ಗಟ್ಟಿ ಪಕ್ಕ ಇತ್ತು.
ಇದನ್ನ ಯಾರೋ ಅಡಿಗೆಮನೇಲಿ ಕದ್ದು ಓದ್ಯಾರೆ ನೋಡು,
ಒಗ್ಗರಣೆ."

ಹೋದ ವರ್ಷ ಗಡಿಯಾರ ಕಂಬದ ಹತ್ತಿರ, ಭಾನುವಾರದ ರಾಶಿಯಲ್ಲಿ
ಒಂಬತ್ತನೇ ಪುಟದಿಂದ ಗುರುತು ಹಿಡಿದೆ.
ಪೂರ್ತಿ ಪ್ರತಿ. ನಲವತ್ತು ರೂಪಾಯಿ.
ಓಡಿಸಿಕೊಂಡು ಗೇಟಿಗೆ ಬಂದರೆ
ಗೇಟು ತೆರೆದಿತ್ತು!
ಇಷ್ಟು ವರ್ಷದಲ್ಲಿ ಅದಕ್ಕೆ ಬೈದದ್ದು ಅವತ್ತೊಂದೇ ದಿನ.
ಬದಿಗೆ ನಿಲ್ಲಿಸಿ ಓದಿದೆ.
ಬಾಗಿಲ ಹೊರಗೆ ಯಾರಿದ್ದರು, ಹೇಳುವುದಿಲ್ಲ.
ಖಾಜಾಬಿಯದೇ ಚೆನ್ನಾಗಿತ್ತು.
ಆ ಪ್ರತಿ ಒಯ್ದ ಮೇಷ್ಟ್ರು ವರ್ಗವಾಗಿ ಹೋದರು, ಫೋನು ಸ್ವಿಚಾಫ್.
ಡೈರಿಯಲ್ಲಿ ಅವರ ಹೆಸರು ಹೊಡೆದುಹಾಕಿಲ್ಲ.

ಇವತ್ತು ಗೂಡ್ಸು.
ಎಂಟು ಪುಟ ಮುಗಿಯಿತು, ಗೇಟು ಎದ್ದಿತು,
ಹಿಂದಿನಿಂದ ಹಾರನ್ನು.
ಚೀಲಗಳ ಮೇಲೆ ಕೂತು, ಬಾಡಿ ಬಡಿದು
"ರೈಟ್" ಅನ್ನಬೇಕಾದ ಜಬೀವುಲ್ಲಾನ ಸದ್ದೇ ಇಲ್ಲ.
ಕನ್ನಡಿ ತಿರುಗಿಸಿದೆ:
ಬಾಗಿದ ತಲೆ, ಆಯಾ ಬೈಂಡು ಹಾಕಿಸಿದ ಪುಸ್ತಕ,
ಕಿವಿಯ ಮೇಲಿರುತ್ತಿದ್ದ ಪೆನ್ಸಿಲು ಕೈಗೆ ಬಂದಿದೆ.

ಊರೆಲ್ಲ ಬೈಯುತ್ತಿದೆ.
ಇಂಡಿಕೇಟರು ಹಾಕಿ
ಬದಿಗೆ ಸರಿದೆ.