ಕೈಯಿಲ್ಲದ ಕುರ್ಚಿ

ಒಳಗೆ ಬಾ ಟ್ರೆಸ್ಸಾ, ಬಾಗಿಲು ಬೇಗ ಹಾಕು.
ವರ್ಜೀನಿಯಾದ ಈ ಒಣ ಚಳಿ ಒಳಗೆ ನುಗ್ಗಿದರೆ
ಗೋಡೆಗೆ ನೇತುಹಾಕಿದ ಹದಿನೇಳು ಮರದ ಹೊಟ್ಟೆಗಳೂ
ಕೂದಲೆಳೆಯಷ್ಟು ಬಿರಿಯುತ್ತವೆ.
ಸ್ಟೌವಿನ ಮೇಲೆ ಸದಾ ನೀರು ಕುದಿಯುವುದು
ಕಾಫಿಗಲ್ಲ, ಇವುಗಳ ಬಾಯಾರಿಕೆಗೆ.

ಬ್ಯಾಂಜೊ ಬೇಕು ಅಂದೆಯಲ್ಲ ಫೋನಿನಲ್ಲಿ.
ಮಂಗಳವಾರ ಫೈರ್ ಸ್ಟೇಷನ್ನಿನಲ್ಲಿ ಈಗಾಗಲೇ
ಐದು ಬ್ಯಾಂಜೊ. ಐದು!
ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ.
ಕಳೆದ ವಾರ ಲೊವೆಲ್ಲಾ ಮುದುಕಿ
ಫಿಡಲ್ಲಿನ ಕಮಾನು ಮಡಿಲಲ್ಲಿಟ್ಟುಕೊಂಡು
ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೂತುಬಿಟ್ಟಳು.
ಆರನೆಯದನ್ನು ಮಾರಿದರೆ ನನಗೆ ಈ ತಿಂಗಳ ಬಾಡಿಗೆ,
ಊರಿಗೆ ವರ್ಷವಿಡೀ ಶಾಪ.

ಆ ಕೆಂಪು ಮ್ಯಾಂಡೊಲಿನ್ನಾ? ಚಂದವಿದೆ.
ಭುಜದ ಮೇಲಿನ ಮರದ ಸುರುಳಿ ನೋಡು,
ಅದೊಂದಕ್ಕೇ ಸಾವಿರ ಡಾಲರ್ ಹೆಚ್ಚು.
ಸುರುಳಿ ಹಾಡುವುದಿಲ್ಲ.
ಹಲ್ಲಿನ ಡಾಕ್ಟರೊಬ್ಬ ಕೊಂಡು, ಹನ್ನೊಂದು ವಾರ ನುಡಿಸಿ,
ಇದರ ದನಿಯೇ ಸರಿಯಿಲ್ಲ ಅಂತ ವಾಪಸು ತಂದಿಟ್ಟ.
ಕುಣಿಯಲಾರದವರಿಗೆ ನೆಲ ಡೊಂಕು.
ನನ್ನ ಅಂಗಡಿ ನಿಂತಿರುವುದೇ ಆ ಡೊಂಕು ನೆಲದ ಮೇಲೆ.

ಅದನ್ನು ಮುಟ್ಟಬೇಡ, ಆ ಮಸಿಹಿಡಿದ ಗಿಟಾರು.
ಚೀಟಿಯಲ್ಲಿ ಬೆಲೆಯಿದೆ, ಹೌದು. ಮಾರಾಟಕ್ಕಿಲ್ಲ.
ಓರ್ಲಿನ್ ಸ್ಟಿಡಮ್‌ನದು;
ಟ್ರಕ್ಕಿನ ಗೇರ್‌ಬಾಕ್ಸ್ ಹೋದ ವರ್ಷ ಇಲ್ಲಿ ಬಿಟ್ಟು
ನೋಟು ಎಣಿಸಿಕೊಳ್ಳದೆ ಹೋದ.
ಮಂಗಳವಾರ ಐದು ಗಂಟೆಗೆ ಬರುತ್ತಾನೆ,
‘ತಂತಿ ಹೇಗಿದೆ ನೋಡ್ತೀನಿ’ ಅನ್ನುತ್ತಾನೆ, ಒಯ್ಯುತ್ತಾನೆ.
ಬುಧವಾರ ಬೆಳಗ್ಗೆ ಅದು ಮೊಳೆಯಲ್ಲಿರುತ್ತದೆ,
ಒರೆಸಿ, ತಂತಿ ಸಡಿಲಿಸಿ.
ಎರಡು ವರ್ಷವಾಯಿತು,
ಅದರ ಸುದ್ದಿ ನಾನೂ ಎತ್ತಿಲ್ಲ, ಅವನೂ ಎತ್ತಿಲ್ಲ.

ಎಲ್ಲಿ, ಕೈ ತೋರಿಸು.
ರಾತ್ರಿಪಾಳಿಯ ಕೈ, ಸೋಪಿಗೆ ಸವೆದದ್ದು.
ಮಲಗಿದವರ ಎಚ್ಚರ ಕೆಡಿಸದೆ
ಕತ್ತಲಲ್ಲೇ ನಾಡಿ ಎಣಿಸುವ ಬೆರಳು.
ಹುಡುಗಿ, ಬೇಗ ನುಡಿಸುವವರು ಈ ಕಣಿವೆಯಲ್ಲಿ
ಕಲ್ಲು ಎತ್ತಿದಲ್ಲೆಲ್ಲ ಸಿಗುತ್ತಾರೆ,
ಎಣಿಸಬಲ್ಲವರು ಇಲ್ಲ.

ಬಾ ಹಿಂದಕ್ಕೆ. ಆ ಕಂಬಳಿ ಎಳೆ.
ಹೆದರಬೇಡ, ಬಾಸ್ ಅದು.
ಮುಚ್ಚಿಹೋದ ಹೈಸ್ಕೂಲಿನದು. ಪ್ಲೈವುಡ್ಡು.
ಕತ್ತು ಮುರಿದಿತ್ತು, ಅಂಟು ಹಾಕಿದ್ದೇನೆ;
ಬೆನ್ನ ಮೇಲೆ ಯಾವನೋ ಕೆತ್ತಿದ ಯಾವಳದೋ ಹೆಸರು,
ಅದನ್ನು ಉಜ್ಜಲು ಮನಸ್ಸಾಗಲಿಲ್ಲ.
ಫ್ರಿಜ್ಜಿನಷ್ಟು ಎತ್ತರ, ಹೊರಲಾರದೆ ಎಲ್ಲರೂ ಬಿಟ್ಟರು.
ನಿನ್ನ ಕಾರಿನ ಮುಂದಿನ ಸೀಟು ಮಲಗಿಸಿದರೆ
ರೋಗಿಯ ಹಾಗೆ ತೆಪ್ಪಗೆ ಒರಗುತ್ತದೆ.

ಎಳೆ ಆ ದಪ್ಪ ತಂತಿಯನ್ನು. ಮೆಲ್ಲಗಲ್ಲ.
ಹಾಂ.
ಕಾಲಡಿಯ ಹಲಗೆಗೆ ಗೊತ್ತಾಯಿತಲ್ಲ?
ಮೊದಲ ತಿಂಗಳು ಎರಡೇ ಸ್ವರ ಸಾಕು.
ಒಂದು, ಬಿಡು, ಒಂದು, ಬಿಡು;
ಆ ಬಿಟ್ಟ ಜಾಗದಲ್ಲೇ ಐದೂ ಬ್ಯಾಂಜೊಗಳು ಓಡಾಡಲಿ.
ಯಾರಾದರೂ ಹಾಡಲು ಬಾಯಿ ತೆರೆದರೆ ದನಿ ಇಳಿಸು,
ಮಿಕ್ಕಿದ್ದು ನಾನು ಹೇಳಿ ಬರುವಂಥದ್ದಲ್ಲ.

ದುಡ್ಡು ಏಪ್ರಿಲ್‌ಗೆ ಕೊಡು.
ಟ್ಯೂನರ್ ಒಂದು ಇಟ್ಟುಕೋ, ಎಂಟು ಡಾಲರ್.
ಬೊಬ್ಬೆಗೆ ಸುತ್ತಲು ಬಿಳಿ ಟೇಪು
ನಿಮ್ಮ ಆಸ್ಪತ್ರೆಯಲ್ಲೇ ಇದೆಯಲ್ಲ, ನಾನೇನೂ ಹೇಳಲಿಲ್ಲ.

ಇನ್ನೊಂದು. ಕೈಯಿಲ್ಲದ ಕುರ್ಚಿ ಒಂದು ತಾ.
ಫೈರ್ ಸ್ಟೇಷನ್ನಿನ ಕುರ್ಚಿಗಳಿಗೆಲ್ಲ ಕೈಯಿದೆ,
ಗಿಟಾರಿನ ಸೊಂಟಕ್ಕೆ ಒತ್ತುತ್ತದೆ.
ನಿನಗಲ್ಲ, ನೀನು ನಿಂತು ನುಡಿಸುವವಳು.
ಓರ್ಲಿನ್‌ಗೆ.
ಸೋಡಾ ಕ್ರೇಟಿನ ಮೇಲೆ ಕೂರುತ್ತಾನೆ ಪಾಪ,
ಮಂಡಿ ನೋವು ಅವನಿಗೆ.
ನಿನ್ನ ಪಕ್ಕದಲ್ಲಿ ಸುಮ್ಮನೆ ಹಾಕಿರು.
ಯಾರದು ಅಂತ ಕೇಳಿದರೆ
ಗೊತ್ತಿಲ್ಲ ಅನ್ನು.